ಯುದ್ಧ ಅಲ್ವಾ ಸಾರ್

ಬೆಂಗಳೂರಿನಿಂದ ಹಾಸನಕ್ಕೆ ಬಸ್ಸು ಬರಲು ನಾಲ್ಕು ಗಂಟೆ ಬೇಕು. ಯುದ್ಧಕ್ಕೆ ಅಷ್ಟೂ ಬೇಡ. ರಾತ್ರಿ ಟಿವಿಯವರು ಕ್ಷಿಪಣಿ ಹಾರಿಸಿದರೆ, ಬೆಳಿಗ್ಗೆ ನಮ್ಮ ಬೀದಿಯ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ರೇಟು ಏರಿರುತ್ತದೆ. ಪ್ಯಾಕೆಟ್ ಮೇಲಿನ ಧೂಳು ಮಾತ್ರ ಹೋದ ತಿಂಗಳದ್ದು. ಕದನ ವಿರಾಮ ಆದಾಗ ಕೇಳಿ ನೋಡಿ. "ಹಳೇ ಸ್ಟಾಕು ಸಾರ್" ಅಂತಾನೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಹಿಡಿದ ಚಾಳಿ ಇದು. ಆಗ ಕಾರಣವಾದರೂ ಇತ್ತು. ನಾವು ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅವೆರಡು ದೇಶದ್ದೇ. ಸಾಲದ್ದಕ್ಕೆ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೂ ಮೂರು ವಾರ ನಿಲ್ಲಿಸಿತು. ಒಪ್ಪೋಣ. ಆದರೆ ಮೊನ್ನೆ ರಾಗಿಗೂ ಜಾಸ್ತಿ ಕೇಳಿದ. "ಅರಸೀಕೆರೆ ರಾಗಿ ಅಲ್ವೇನಪ್ಪಾ, ಅಲ್ಲೂ ಬಾಂಬ್ ಬಿತ್ತಾ?" ಅಂದೆ. "ಲಾರಿಗೆ ಡೀಸೆಲ್ ಬೇಡ್ವಾ? ಯುದ್ಧ ಅಲ್ವಾ ಸಾರ್!" ಕೊತ್ತಂಬರಿ ಸೊಪ್ಪಿನ ಅಜ್ಜಿಯೂ ಅದನ್ನೇ ಅಂದಳು. ಅಜ್ಜಿ ಬರೋದು ಇಲ್ಲೇ ಪಕ್ಕದ ದುದ್ದದಿಂದ, ಫ್ರೀ ಬಸ್ಸಲ್ಲಿ.

ಬಜ್ಜಿ ವಿಷಯ ಹೇಳದೆ ಮುಂದೆ ಹೋಗಲಾರೆ. ಮೆಣಸಿನಕಾಯಿ ಈಗ ಕಡ್ಲೆಹಿಟ್ಟನ್ನು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡಿದೆ, ಹೆಗಲ ಮೇಲಷ್ಟೇ. ನಿನ್ನೆ ಕಟ್ಟಿಕೊಟ್ಟ ಪೇಪರಲ್ಲಿ ಯುದ್ಧ ಟ್ಯಾಂಕಿನ ಫೋಟೊ ಇತ್ತು. ಎಣ್ಣೆ ಇಳಿದು ಇಳಿದು ಟ್ಯಾಂಕಿನೊಳಗಿಂದ ಹಿಂದಿನ ಪುಟದ ಚಿನ್ನದಂಗಡಿ ಜಾಹೀರಾತು ಎದ್ದು ಬಂತು. ಆ ಎಣ್ಣೆಯ ಬಣ್ಣ ನೋಡಿದರೆ 2022ರದ್ದೇ ಇರಬಹುದು. ರೇಟು ಮಾತ್ರ ಈ ವಾರದ್ದು.

ಸಕಲೇಶಪುರದ ನಮ್ಮ ನೆಂಟರ ಕಥೆ ಉಲ್ಟಾ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಬಂಡುಕೋರರು, ಅದೇ ಹೂತಿಗಳು, ಹಡಗಿಗೆ ಹೊಡೆಯೋಕೆ ಶುರು ಮಾಡಿದ್ದರು. ಯುರೋಪಿಗೆ ಹೋಗೋ ಹಡಗು ಆಫ್ರಿಕಾ ಸುತ್ತಬೇಕು, ಕಂಟೇನರ್ ಬಾಡಿಗೆ ಜಾಸ್ತಿ, ಹಾಗಾಗಿ ಮೂಟೆಗೆ ಸ್ವಲ್ಪ ಬಿಟ್ಟುಕೊಡಿ ಅಂದ ಕಾಫಿ ವ್ಯಾಪಾರಿ. ಬಿಟ್ಟುಕೊಟ್ಟರು. ಎಂಥಾ ಜಾಣ ಯುದ್ಧ ನೋಡಿ! ನಾವು ಕೊಳ್ಳುವಾಗ ಏರಿಸುತ್ತೆ, ಮಾರುವಾಗ ಇಳಿಸುತ್ತೆ. ಆಮೇಲೆ ರೊಬಸ್ಟಾ ಕಾಫಿಗೆ ಕಂಡು ಕೇಳರಿಯದ ರೇಟು ಬಂತು, ನಿಜ. ಅದರಲ್ಲಿ ವಿಯೆಟ್ನಾಂ ಬರದ ಪಾಲು ದೊಡ್ಡದು. ಅಷ್ಟೊತ್ತಿಗೆ ಇವರ ಗೋಡೌನ್ ಗುಡಿಸಿ ಆಗಿತ್ತು.

ಗೊಬ್ಬರದ ಮಾತಿಗೆ ಬಂದರೆ ನನಗೆ ನಗು ಬರಲ್ಲ. ನಮ್ಮ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದು, ರಷ್ಯಾ, ಬೆಲಾರಸ್‌ನಿಂದಲೂ ಬರಬೇಕು. ಆಲೂಗೆಡ್ಡೆಗೆ ಅದು ಬೇಕೇ ಬೇಕು. ಜಲಂಧರದ ಬಿತ್ತನೆ ಗೆಡ್ಡೆ ತಂದು ಕೊಯ್ದಿಟ್ಟಾಗಿದೆ, ಹದ ಮಳೆಯೂ ಬಿದ್ದಿದೆ. ಕೊಯ್ದ ಗೆಡ್ಡೆ ಕದನ ವಿರಾಮಕ್ಕೆ ಕಾಯಲ್ಲ, ಕೊಳೆಯುತ್ತೆ. ಡಿಎಪಿ ಗೊಬ್ಬರದ ಮೂಟೆಗೆ 1350 ರೂಪಾಯಿ ಅಂತ ಮೂಟೆ ಮೇಲೇ ಬರೆದಿದೆ. ಆದರೆ ಜೊತೆಗೊಂದು ದ್ರವ ಗೊಬ್ಬರದ ಬಾಟಲಿ ಹಿಡಿಸ್ತಾರೆ. "ಇದು ಲಿಂಕು, ತಗೊಂಡ್ರೆ ಮಾತ್ರ ಮೂಟೆ." ಯಾಕಣ್ಣ ಅಂದರೆ ಯುದ್ಧ. ಯಾವ ಯುದ್ಧ ರೀ ಬಾಟಲಿ ಕೊಳ್ಳಿ ಅಂತ ಹೇಳಿದ್ದು? ದೂರು ಕೊಟ್ಟರೆ ಸಾಹೇಬರು ಬರೆದುಕೊಳ್ತಾರೆ. ಪ್ರತಿ ವರ್ಷ ಬರೆದುಕೊಳ್ತಾರೆ.

ಬೆಳಿಗ್ಗೆ ಐದಕ್ಕೇ ಗೊಬ್ಬರದಂಗಡಿ ಮುಂದೆ ಸಾಲಾಗಿ ಚಪ್ಪಲಿ ಬಿಟ್ಟು, ಜನ ಪಕ್ಕದ ಜಗಲಿ ಮೇಲೆ ಕೂತಿರುತ್ತಾರೆ. ನಿನ್ನೆ ಅದರಲ್ಲೊಂದು ಜೊತೆ ಕಳುವಾಯಿತು. ಅದಕ್ಕೂ ಯುದ್ಧವೇ ಕಾರಣ ಇರಬೇಕು.