ಹೂಳೆತ್ತುವವರನ್ನೇ ಓಡಿಸಬೇಡಿ

‘ಪ್ರತಿರಕ್ಷಣಾ ಕೋಶಗಳನ್ನು ಅಡಗಿಸಿದರೆ ಕಣ್ಣಿನ ಒತ್ತಡ ಇಳಿಯುತ್ತದೆ’ ಎಂದು ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆ) ಕುರಿತ ನಿಮ್ಮ ಲೇಖನದಲ್ಲಿ ಲೇಖಕರು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಣ್ಣಿನೊಳಗಿನ ದ್ರವ ಬಸಿದುಹೋಗುವ ಜಾಲರಿಯಲ್ಲಿ ಮ್ಯಾಕ್ರೋಫೇಜ್ ಎಂಬ, ಕಸವನ್ನು ನುಂಗಿ ತೆಗೆಯುವ ಪ್ರತಿರಕ್ಷಣಾ ಕೋಶಗಳು ಕಾಯಂ ಆಗಿ ನೆಲೆಸಿರುತ್ತವೆ. ಇಲಿಗಳಲ್ಲಿ ಅವುಗಳನ್ನು ತೆಗೆದುಹಾಕಿದಾಗ ಹೊರಹರಿವು ಕುಂದಿ ಒತ್ತಡ ಏರಿತು. ಮಳೆಗಾಲಕ್ಕೆ ಮುನ್ನ ಅಡಿಕೆ ತೋಟದ ಬಸಿಗಾಲುವೆಯ ಹೂಳೆತ್ತುವವರನ್ನೇ ಓಡಿಸಿದರೆ ಆಗುವುದೂ ಇದೇ. ಇನ್ನೊಂದು ಬಗೆಯ ಪ್ರತಿರಕ್ಷಣಾ ಕೋಶಗಳಾದ ಟಿ ಕೋಶಗಳ ವಿಚಾರ ಬೇರೆ: ಒತ್ತಡ ಏರಿದ ಮೇಲೆ ಅವು ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರವಾದ ರೆಟಿನಾಕ್ಕೆ ನುಗ್ಗಿ ನರಕೋಶಗಳನ್ನು ಹಾಳುಮಾಡುವುದು 2018ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಕಂಡಿತು. ಎರಡನ್ನೂ ಒಂದೇ ಗೋಣಿಗೆ ತುಂಬುವುದು ತಪ್ಪು.

ನನಗೆ ಇದು ಬರೀ ವಾದವಲ್ಲ. ತೀರ್ಥಹಳ್ಳಿ ಬಳಿಯ ನಮ್ಮೂರಿನಲ್ಲಿ ಕೊನೆಕೊಯ್ಲು, ಅಡಿಕೆ ಸುಲಿತದ ದಿನಗಳಲ್ಲಿ ಅಪ್ಪನಿಗೆ ಕಣ್ಣುರಿ, ತುರಿಕೆ. ಔಷಧ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಟ್ಟ ಸ್ಟೀರಾಯ್ಡ್ ಹನಿಯನ್ನು ಎರಡು ವರ್ಷ ಹಾಕಿಕೊಂಡರು. ಉರಿಯೂತವನ್ನು ಅಡಗಿಸುವ ಅದೇ ಔಷಧ ಕೆಲವರಲ್ಲಿ ಜಾಲರಿಯನ್ನು ಬಿಗಿಗೊಳಿಸಿ ಒತ್ತಡ ಏರಿಸುತ್ತದೆ. ಶಿವಮೊಗ್ಗದಲ್ಲಿ ಪರೀಕ್ಷಿಸಿದಾಗ ಎಡಗಣ್ಣಿನ ಒತ್ತಡ 34 ಇತ್ತು; ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರಬೇಕು. ನೋವೇ ಇರಲಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಈಗ ಎಡಬದಿಯಿಂದ ಬರುವ ಬೈಕ್ ಅವರಿಗೆ ಕಾಣುವುದಿಲ್ಲ, ಹೋದ ನೋಟ ಮರಳುವುದೂ ಇಲ್ಲ. ಸ್ಟೀರಾಯ್ಡ್ ಹನಿಯ ಬಗ್ಗೆ ಒಂದು ಎಚ್ಚರಿಕೆಯ ಸಾಲನ್ನಾದರೂ ಲೇಖನಕ್ಕೆ ದಯವಿಟ್ಟು ಸೇರಿಸಿ, ಸುಗ್ಗಿ ಹತ್ತಿರದಲ್ಲಿದೆ.