ಪಿಂಗ್ ಹೋಗ್ತಿದೆ ಅನ್ನೋದು ಸಾಕ್ಷಿಯಲ್ಲ

"ಕೇಬಲ್ ಕಿತ್ತರೂ ಪಿಂಗ್ ನಿಲ್ಲಲಿಲ್ಲ ಮೇಡಂ. ಇನ್ನು ಮರ್ಜ್ ಮಾಡಬಹುದಲ್ವಾ?"

ಇವತ್ತು ಮಧ್ಯಾಹ್ನ ರಿವ್ಯೂ ಕಾಲ್‌ನಲ್ಲಿ, ಅಂದರೆ ಒಬ್ಬರು ಬರೆದ ಕೋಡನ್ನು ಉಳಿದವರು ಪರಿಶೀಲಿಸುವ ಮಾತುಕತೆಯಲ್ಲಿ, ಕೇಳಿದ ಮಾತಿದು. ಪಿಂಗ್ ಅಂದರೆ ಇನ್ನೊಂದು ಯಂತ್ರಕ್ಕೆ ಸಂದೇಶ ಕಳಿಸಿ ಉತ್ತರ ಬರುತ್ತಾ ಅಂತ ನೋಡೋದು. ಮರ್ಜ್ ಅಂದರೆ ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸೋದು. ಮಾರತ್ತಹಳ್ಳಿಯಿಂದ ಮನೆಗೆ ಬಂದು ಊಟ ಮುಗಿಸಿದ ಮೇಲೂ ಸಿಟ್ಟು ಇಳಿದಿಲ್ಲ. ಕೇಳಿದ ಹುಡುಗನ ಮೇಲೆ ಅಲ್ಲ. ಅವನು ಕೆಲಸಕ್ಕೆ ಹೊಸಬ, ಕೋಡ್ ಶುದ್ಧವಾಗಿ ಬರೀತಾನೆ, ಹೇಳಿದ್ದನ್ನು ಕೇಳ್ತಾನೆ. ಅದೇ ಕಾಲ್‌ನಲ್ಲಿ ಕೂತಿದ್ದ ಇಬ್ಬರು ಹಿರಿಯರು "ಟೆಸ್ಟ್ ಆಗಿದೆಯಲ್ಲ, ಹಾಕಿಬಿಡಿ" ಅಂತ ಒಪ್ಪಿಗೆ ಕೊಟ್ಟರಲ್ಲ, ಅವರ ಮೇಲೆ.

ನನ್ನ ಕೆಲಸ ಏನು ಅಂತ ಇಲ್ಲಿ ಹೆಚ್ಚಿನವರಿಗೆ ಗೊತ್ತು. ಈಥರ್ನೆಟ್ ಸ್ವಿಚ್ ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್, ಅಂದರೆ ಆ ಚಿಪ್‌ಗಳನ್ನು ಲಿನಕ್ಸ್‌ನಿಂದ ನಡೆಸುವ ಕೋಡ್, ಬರೆಯೋದು. ಈಗ ಕೈಯಲ್ಲಿರೋದು ಎಚ್‌ಎಸ್‌ಆರ್ ಆಫ್‌ಲೋಡ್, ಅಂದರೆ ಎಚ್‌ಎಸ್‌ಆರ್ ಕೆಲಸವನ್ನು ಸಾಫ್ಟ್‌ವೇರ್‌ನಿಂದ ತೆಗೆದು ಚಿಪ್‌ಗೆ ವಹಿಸೋದು. ಬೆಂಗಳೂರಿನವರಿಗೆ ಎಚ್‌ಎಸ್‌ಆರ್ ಅಂದರೆ ಲೇಔಟ್. ಇದು ಹೈ-ಅವೈಲಬಿಲಿಟಿ ಸೀಮ್‌ಲೆಸ್ ರಿಡಂಡೆನ್ಸಿ, ಐಇಸಿ 62439-3 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಬರುವ ನೆಟ್‌ವರ್ಕ್ ವಿಧಾನ. ನೆಟ್‌ವರ್ಕ್‌ನ ಉಪಕರಣಗಳನ್ನೆಲ್ಲ (ನಾವು ಡಬ್ಬಿ ಅಂತೀವಿ) ಒಂದು ರಿಂಗ್‌ನಲ್ಲಿ ಜೋಡಿಸುತ್ತಾರೆ. ಪ್ರತಿ ಡಬ್ಬಿಗೂ ಎ ಮತ್ತು ಬಿ ಅಂತ ಎರಡು ಪೋರ್ಟ್. ಕಳಿಸುವ ಪ್ರತಿ ಫ್ರೇಮ್‌ಗೂ (ಡೇಟಾದ ಒಂದೊಂದು ಕಟ್ಟಿಗೂ) 6 ಬೈಟ್‌ನ ಟ್ಯಾಗ್ ಸೇರಿಸಿ, ಅದರೊಳಗೆ 16 ಬಿಟ್‌ನ ಕ್ರಮಸಂಖ್ಯೆ ಇಟ್ಟು, ಎರಡೂ ಪೋರ್ಟಿನಿಂದ ಒಂದೊಂದು ಪ್ರತಿ ಬಿಡುತ್ತಾರೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಮೊದಲು ತಲುಪಿದ್ದನ್ನು ತೆಗೆದುಕೊಂಡು, ಆಮೇಲೆ ಬಂದದ್ದನ್ನು ಎಸೆಯುತ್ತಾರೆ. ನಡುವೆ ಎಲ್ಲೋ ಒಂದು ಕೇಬಲ್ ತುಂಡಾದರೆ ಇನ್ನೊಂದು ಪ್ರತಿ ಹೇಗೂ ದಾರಿಯಲ್ಲಿರುತ್ತದೆ. ಹೊಸ ದಾರಿ ಹುಡುಕುವ ಸಮಯವೇ ಬೇಡ. ರಿಕವರಿ ಟೈಮ್ ಸೊನ್ನೆ.

ಸೊನ್ನೆ ಯಾಕೆ ಬೇಕು? ಹೊಸ ಮಾದರಿಯ ವಿದ್ಯುತ್ ಸಬ್‌ಸ್ಟೇಷನ್‌ಗಳಲ್ಲಿ ಕರೆಂಟು, ವೋಲ್ಟೇಜಿನ ಅಳತೆಗಳು ಈಥರ್ನೆಟ್ ಮೇಲೇ ಓಡುತ್ತವೆ. ನಮ್ಮ 50 ಹರ್ಟ್ಸ್ ಲೆಕ್ಕಕ್ಕೆ ಒಂದು ಆವರ್ತಕ್ಕೆ 80 ಸಲ ಅಳೆದರೆ ಸೆಕೆಂಡಿಗೆ 4000 ಅಳತೆ. ಅಂದರೆ 250 ಮೈಕ್ರೋಸೆಕೆಂಡಿಗೆ ಒಂದು. ವಿದ್ಯುತ್ ಕಡಿಯಲು ಬ್ರೇಕರ್ ಬೀಳಿಸಬೇಕೋ ಬೇಡವೋ ಅಂತ ರಿಲೇ ಅನ್ನೋ ರಕ್ಷಣಾ ಉಪಕರಣ ತೀರ್ಮಾನ ಮಾಡೋದು ಇದನ್ನೇ ನೋಡಿ. ಅಲ್ಲಿ "ಒಂದು ಕ್ಷಣ ತಾಳು, ದಾರಿ ಹುಡುಕ್ತೀನಿ" ಅನ್ನುವ ಹಾಗಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಲಿನಕ್ಸ್‌ನಲ್ಲಿ ಎಚ್‌ಎಸ್‌ಆರ್ 2014ರ ಜನವರಿಯಲ್ಲಿ ಬಂದ 3.13 ಆವೃತ್ತಿಯಿಂದಲೇ ಇದೆ. ಆಗ ಎಲ್ಲ ಕೆಲಸವೂ ಸಾಫ್ಟ್‌ವೇರ್‌ದೇ. ಟ್ಯಾಗ್ ಹಾಕೋದು, ಪ್ರತಿ ಮಾಡೋದು, ಮುಂದಕ್ಕೆ ದಾಟಿಸೋದು, ಬಂದ ಮೇಲೆ ಟ್ಯಾಗ್ ತೆಗೆಯೋದು, ಎಲ್ಲ ಸಿಪಿಯು ತಲೆ ಮೇಲೆ. 2021ರಲ್ಲಿ 5.12ಕ್ಕೆ ಆಫ್‌ಲೋಡ್ ಬಂತು. ಈ ಕೆಲಸಗಳಿಗೆ ಒಂದೊಂದರಂತೆ ನಾಲ್ಕು ಫ್ಲ್ಯಾಗ್, ಅಂದರೆ ಹೌದು-ಇಲ್ಲ ಗುರುತು, ಇಟ್ಟರು. "ಈ ಕೆಲಸ ನನ್ನ ಚಿಪ್ ಮಾಡುತ್ತೆ" ಅಂತ ಡ್ರೈವರ್ ಫ್ಲ್ಯಾಗ್ ಏರಿಸಿದರೆ, ಎಚ್‌ಎಸ್‌ಆರ್ ಕೋಡ್ ಆ ಕೆಲಸದಿಂದ ಕೈ ಬಿಡುತ್ತದೆ. ಡ್ರೈವರ್ ಹೇಳಿದ್ದನ್ನು ನಂಬುತ್ತದೆ, ಪರೀಕ್ಷೆ ಮಾಡಲ್ಲ.

ಇವತ್ತಿನ ಪ್ಯಾಚ್, ಅಂದರೆ ಆ ಹುಡುಗ ತಂದ ಕೋಡ್ ಬದಲಾವಣೆ, ಪ್ರತಿ ಮಾಡುವ ಫ್ಲ್ಯಾಗ್ ಏರಿಸಿತ್ತು. ಹಾಗಾಗಿ ಸಾಫ್ಟ್‌ವೇರ್ ಪ್ರತಿ ಮಾಡೋದನ್ನು ನಿಲ್ಲಿಸಿ, ಫ್ರೇಮನ್ನು ಎ ಪೋರ್ಟಿನ ಹೆಸರಲ್ಲಿ ಒಂದೇ ಸಲ ಕೊಟ್ಟಿತು. ಅದನ್ನು ಎರಡೂ ಕಡೆ ಕಳಿಸು ಅಂತ ಚಿಪ್‌ಗೆ ಹೇಳೋದು ಫ್ರೇಮಿನ ಬಾಲಕ್ಕೆ ಅಂಟಿಸುವ ಸ್ವಿಚ್ ಟ್ಯಾಗ್ (ಎಚ್‌ಎಸ್‌ಆರ್‌ನ 6 ಬೈಟ್ ಟ್ಯಾಗ್ ಬೇರೆ, ಇದು ಬೇರೆ). ಅದರಲ್ಲಿ ಎ ಮತ್ತು ಬಿ ಎರಡಕ್ಕೂ ಬಿಟ್ ಇಡಬೇಕು. ಪ್ಯಾಚ್‌ನಲ್ಲಿ ಎ ಬಿಟ್ ಮಾತ್ರ ಇತ್ತು. ಫಲ ಏನು? ಪ್ರತಿ ಫ್ರೇಮೂ ಎ ಕಡೆಯಿಂದ ಮಾತ್ರ ಹೊರಟಿದೆ. ಬಿ ಕಡೆಗೆ ಒಂದು ಬೈಟೂ ಹೋಗಿಲ್ಲ. ಇವರು ಕಿತ್ತು ನೋಡಿದ್ದು ಬಿ ಕಡೆಯ ಕೇಬಲ್.

ಪಿಂಗ್ ಯಾಕೆ ನಿಲ್ಲುತ್ತೆ ಹೇಳಿ?

ಎ ಕಡೆ ಪಕ್ಕದ ಡಬ್ಬಿ ದಾಟಿ, ಅದರಾಚೆಯ ಕೇಬಲ್ ತುಂಡಾಗಿದ್ದರೆ? ನಮ್ಮ ಪೋರ್ಟಿನಲ್ಲಿ ಲಿಂಕ್ ಇದೆ ಅಂತಲೇ ತೋರಿಸುತ್ತೆ. ಫ್ರೇಮ್‌ಗಳು ಹೊರಟು ಅರ್ಧ ದಾರಿಯಲ್ಲಿ ಸಾಯುತ್ತವೆ. ಇನ್ನೊಂದು ಕಡೆಯಿಂದ ಬರಬೇಕಾದ ಪ್ರತಿ ಹುಟ್ಟೇ ಇಲ್ಲ. ಯಾವ ದಿನಕ್ಕಾಗಿ ಗ್ರಾಹಕರು ಇಷ್ಟೆಲ್ಲ ದುಡ್ಡು ಸುರಿದರೋ, ಅದೇ ದಿನ ಕೈ ಕೊಡುತ್ತೆ. ಅಲ್ಲಿಯವರೆಗೆ ವರ್ಷಗಟ್ಟಲೆ ಎಲ್ಲವೂ ಚೆನ್ನಾಗೇ ಇರುತ್ತದೆ.

ನನ್ನನ್ನು ಸುಡ್ತಾ ಇರೋದು ಇದೇ. ಬೇರೆ ಡ್ರೈವರ್‌ಗಳಲ್ಲಿ ದೋಷ ಇದ್ದರೆ ಯಂತ್ರ ಕೂಗಿ ಹೇಳುತ್ತೆ. ಇಲ್ಲಿ ಎರಡು ದಾರಿ ಇರುವುದರಿಂದಲೇ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಪಿಂಗ್ ಕೇಳೋದು ಒಂದೇ ಪ್ರಶ್ನೆ: ಒಂದಾದರೂ ಪ್ರತಿ ತಲುಪಿತಾ? ನಾವು ಕೇಳಬೇಕಾದದ್ದು: ಎರಡೂ ಹೊರಟವಾ? ಆ ಪ್ರಶ್ನೆಗೆ ಪಿಂಗ್ ಬಳಿ ಉತ್ತರವೇ ಇಲ್ಲ.

ನಮ್ಮಪ್ಪ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದರು. ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲಿ. ಬ್ರೇಕರ್ ಬೀಳಿಸೋಕೆ 110 ವೋಲ್ಟ್ ಡಿಸಿ ಬೇಕು, ಅದಕ್ಕೆ ಒಂದು ಕೋಣೆ ತುಂಬ ಬ್ಯಾಟರಿ. ಚಾರ್ಜರ್ ಓಡ್ತಾ ಇರುವಾಗ ಆ ಬ್ಯಾಟರಿಗಳಿಂದ ಏನೂ ಬೇಕಾಗಲ್ಲ. ಆದರೂ ಅಪ್ಪ ಹೈಡ್ರೋಮೀಟರ್ ಹಿಡಿದು ಸೆಲ್‌ಗಳ ಆ್ಯಸಿಡ್ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. "ಚಾರ್ಜರ್ ಇರೋವರೆಗೂ ಸತ್ತ ಸೆಲ್ಲೂ ಬದುಕಿರೋ ಹಾಗೇ ಕಾಣುತ್ತೆ ಕಣಮ್ಮ" ಅಂತಿದ್ದರು. ಪಿಯುಸಿ ಓದಿದ ಮನುಷ್ಯನಿಗೆ ಗೊತ್ತಿದ್ದ ಈ ಮಾತು ಗಾಜಿನ ಕಟ್ಟಡದಲ್ಲಿ ಕೂತ ನಮಗೆ ಯಾಕೆ ಹೊಳೆಯಲ್ಲ? ಇದನ್ನು ಬರೆಯುವಾಗ ಕಣ್ಣಲ್ಲಿ ನೀರು ಬಂತು. ಆ ಬ್ಯಾಟರಿ ಪುಸ್ತಕದಂಥ ಶಿಸ್ತನ್ನು ನಾನು ಆಫೀಸಿನಲ್ಲಿ ಕಂಡದ್ದು ಕಡಿಮೆ.

ಕಾಲ್‌ನಲ್ಲಿ ಇನ್ನೊಂದು ಮಾತು ಬಂತು. "ಕರ್ನಲ್‌ನವರ ಸೆಲ್ಫ್‌ಟೆಸ್ಟ್ ಕೂಡ ಪಿಂಗ್ ಮೇಲೇ ನಡೆಯುತ್ತಲ್ಲ." ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಸೆಲ್ಫ್‌ಟೆಸ್ಟ್ ಅಂದರೆ ಅದರ ಜೊತೆಗೇ ಬರುವ ಪರೀಕ್ಷೆ. ನಿಜ, ನಡೆಯುತ್ತೆ. ಆದರೆ ಅದು ಓಡೋದು ಸಾಫ್ಟ್‌ವೇರ್‌ನಲ್ಲೇ ಮಾಡಿದ ವರ್ಚುವಲ್ ಪೋರ್ಟುಗಳ ಮೇಲೆ. ಅದು ಪರೀಕ್ಷಿಸೋದು ಸಾಫ್ಟ್‌ವೇರ್ ಎಚ್‌ಎಸ್‌ಆರ್ ಅನ್ನು. ನಮ್ಮ ಚಿಪ್ಪಿನ ಬಗ್ಗೆ ಅದು ಏನನ್ನೂ ಹೇಳಲ್ಲ. ಇನ್ನು, "ಏನಾದರೂ ತಪ್ಪಿದರೆ ಸಾಫ್ಟ್‌ವೇರ್ ಇದೆಯಲ್ಲ" ಅನ್ನೋ ವಾದ. ಡ್ರೈವರ್ "ಇದು ನನ್ನ ಕೈಲಾಗಲ್ಲ" ಅಂತ ಬಾಯಿಬಿಟ್ಟು ಹೇಳಿದರೆ ಖಂಡಿತ ಇದೆ. ಫ್ಲ್ಯಾಗ್ ಏರಿಸಿ ಸುಳ್ಳು ಹೇಳಿದ ಮೇಲೆ ಸಾಫ್ಟ್‌ವೇರ್ ಆಟದಲ್ಲೇ ಇಲ್ಲ. ಗಡುವಿನ ಮಾತೂ ಬಂತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ, ಇಲ್ಲೂ ಕೊಡಲ್ಲ.

ನಿಜ ಹೇಳುವ ಡ್ರೈವರ್ ಹೇಗಿರುತ್ತೆ ಅಂತ ನೋಡಬೇಕಾದರೆ ಮೈಕ್ರೋಚಿಪ್ ಕಂಪನಿಯ ಕೆಎಸ್‌ಝಡ್9477 ಸ್ವಿಚ್ ಚಿಪ್‌ನ ಡ್ರೈವರ್ ತೆರೆಯಿರಿ. 2023ರಲ್ಲಿ ಅದಕ್ಕೆ ಎಚ್‌ಎಸ್‌ಆರ್ ಆಫ್‌ಲೋಡ್ ಬರೆದವರ ಮೇಲೆ ನನಗೆ ತುಂಬ ಗೌರವ. ಕೋಡಿನಲ್ಲೇ ಒಂದು ಉದ್ದ ಕಾಮೆಂಟ್ ಇದೆ. ಎರಡನೇ ಪ್ರತಿಯನ್ನು ಎಸೆಯೋದು ಮತ್ತು ತಾನೇ ಕಳಿಸಿದ ಫ್ರೇಮ್ ರಿಂಗ್ ಸುತ್ತಿ ಬಂದರೆ ತಡೆಯೋದು, ಈ ಎರಡನ್ನೂ ಚಿಪ್ ಹೆಚ್ಚಿನ ಸಲ ಸರಿಯಾಗಿ ಮಾಡುತ್ತೆ, ಆದರೆ ಯಾವಾಗಲೂ ಅಲ್ಲ. ಎರಡು ಪ್ರತಿಗಳು ತೀರ ಹತ್ತಿರ ಹತ್ತಿರ ಬಂದರೆ ಅವು ಒಂದೇ ಅಂತ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳಬೇಕು. ಇಷ್ಟನ್ನೂ ಬಿಡಿಸಿ ಬರೆದಿದ್ದಾರೆ. ಏರಿಸಿರುವ ಫ್ಲ್ಯಾಗ್ ಎರಡೇ: ಪ್ರತಿ ಮಾಡೋದು, ಮುಂದಕ್ಕೆ ದಾಟಿಸೋದು. ಆಫ್‌ಲೋಡ್ ನಡೆಯುತ್ತಿರುವಾಗ ಪೋರ್ಟಿನ ಮ್ಯಾಕ್ ವಿಳಾಸ (ಅದರ ಗುರುತಿನ ಸಂಖ್ಯೆ) ಬದಲಿಸಲು ಹೋದರೆ ಆಗಲ್ಲ ಅಂತ ಎರರ್ ಕೊಡುತ್ತೆ, ಏಕೆಂದರೆ ಸ್ವಂತ ಫ್ರೇಮನ್ನು ಚಿಪ್ ಗುರುತಿಸೋದೇ ಆ ವಿಳಾಸದಿಂದ. ಇದೆಲ್ಲ ಪಿಂಗ್‌ನಿಂದ ಕಲಿತದ್ದಲ್ಲ. ಚಿಪ್ಪನ್ನು ಕೂತು ಅರ್ಥ ಮಾಡಿಕೊಂಡು ಬರೆದದ್ದು.

ನಮ್ಮ ಪ್ಯಾಚ್‌ನಲ್ಲಿ ಇನ್ನೂ ಒಂದು ಇತ್ತು. ರಿಂಗ್‌ಗೆ ಪೋರ್ಟುಗಳು ಒಂದೊಂದಾಗಿ ಸೇರುತ್ತವೆ. ಎರಡನೆಯದು ಸೇರುವಾಗ ಫೇಲ್ ಆದರೆ, ಮೊದಲನೆಯದಕ್ಕೆ ಮಾಡಿದ್ದನ್ನೆಲ್ಲ ವಾಪಸ್ ಬಿಚ್ಚಬೇಕು. ಬಿಚ್ಚಿರಲಿಲ್ಲ. ಯಾರೂ ಆ ಸಾಲು ಓದಿರಲಿಲ್ಲ, ಯಾಕೆಂದರೆ ಪಿಂಗ್ ಹೋಗ್ತಿತ್ತು. ರಿವ್ಯೂ ಅಂದರೆ ಬದಲಾದ ಸಾಲುಗಳ ಮೇಲೆ ಕಣ್ಣಾಡಿಸೋದಲ್ಲ ಸ್ವಾಮಿ. ಫೇಲ್ ಆದಾಗ ಎಲ್ಲಿಗೆ ಹೋಗುತ್ತೆ, ಪೋರ್ಟ್ ರಿಂಗ್ ಬಿಟ್ಟು ಹೊರಬಂದಾಗ ಏನು ಉಳಿಯುತ್ತೆ, ಏರಿಸಿದ ಒಂದೊಂದು ಫ್ಲ್ಯಾಗ್‌ಗೂ ಚಿಪ್ಪಿನ ಯಾವ ರಿಜಿಸ್ಟರ್ (ಸೆಟ್ಟಿಂಗ್ ಇಡುವ ಜಾಗ) ಆಧಾರ, ಇದನ್ನೆಲ್ಲ ಕೇಳದೆ ಒಪ್ಪಿಗೆ ಕೊಡೋದಾದರೆ ರಿವ್ಯೂ ಯಾಕೆ?

ಟೆಸ್ಟ್ ಮಾಡೋಕೂ ದೊಡ್ಡ ಲ್ಯಾಬ್ ಬೇಕಿಲ್ಲ. ಮೊದಲು ಈಥ್‌ಟೂಲ್ ಅನ್ನೋ ಲಿನಕ್ಸ್ ಕಮಾಂಡಿನಲ್ಲಿ ಡ್ರೈವರ್ ಯಾವ ಯಾವ ಎಚ್‌ಎಸ್‌ಆರ್ ಫ್ಲ್ಯಾಗ್ ಏರಿಸಿದೆ ನೋಡಿ. ಆಮೇಲೆ ನಮ್ಮ ಡಬ್ಬಿಯ ಎ ಪೋರ್ಟಿನ ತಂತಿಯಲ್ಲಿ, ಬಿ ಪೋರ್ಟಿನ ತಂತಿಯಲ್ಲಿ, ಬೇರೆ ಬೇರೆಯಾಗಿ, ಹೊರಗಿನಿಂದ ಟಿಸಿಪಿಡಂಪ್ (ಓಡಾಡುವ ಫ್ರೇಮ್‌ಗಳನ್ನು ಹಿಡಿದು ತೋರಿಸುವ ಪ್ರೋಗ್ರಾಂ) ಹಾಕಿ. ಈಥರ್‌ಟೈಪ್ 0x892ಎಫ್ ಇರುವ, ಅಂದರೆ ಎಚ್‌ಎಸ್‌ಆರ್ ಗುರುತಿನ ಫ್ರೇಮ್‌ಗಳನ್ನು ಹಿಡಿಯಿರಿ. ಎ ಕಡೆ ಹೊರಟ ಪ್ರತಿ ಕ್ರಮಸಂಖ್ಯೆಯೂ ಬಿ ಕಡೆಯೂ ಹೊರಟಿದೆಯಾ ಅಂತ ತಾಳೆ ನೋಡಿ. ನಮ್ಮ ಡಬ್ಬಿಯೊಳಗೇ ಡಂಪ್ ಹಾಕಿದರೆ ಪ್ರಯೋಜನ ಇಲ್ಲ, ಚಿಪ್ ಮಾಡುವ ಪ್ರತಿ ಅಲ್ಲಿ ಕಾಣಲ್ಲ. ಕೇಬಲ್ ಕೀಳೋದಾದರೆ ರಿಂಗ್‌ನ ಎಲ್ಲ ಕೇಬಲ್‌ಗಳನ್ನೂ ಸರದಿಯಲ್ಲಿ ಕೀಳಿ. ನಮ್ಮ ಡಬ್ಬಿಗೆ ತಾಗದ, ದೂರದ ಕೇಬಲ್‌ಗಳನ್ನೂ ಬಿಡಬೇಡಿ.

ಓದ್ತಾ ಇರುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಒಂದು ಮಾತು. ಇದನ್ನು ಕಲಿಯಲು ಸ್ವಿಚ್ ಕೊಳ್ಳಬೇಕಿಲ್ಲ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿ, ಅವುಗಳ ನಡುವೆ ವರ್ಚುವಲ್ ಪೋರ್ಟ್‌ಗಳನ್ನು ಜೋಡಿಸಿ ರಿಂಗ್ ಕಟ್ಟಿ, ಐಪಿ ಲಿಂಕ್ ಕಮಾಂಡಿನಲ್ಲಿ ಎಚ್‌ಎಸ್‌ಆರ್ ಡಿವೈಸ್ ಮಾಡಿ, ವರ್ಷನ್ 1 ಅಂತ ಕೊಡಿ. ಎರಡೂ ಕಡೆ ಡಂಪ್ ಹಾಕಿ ಕ್ರಮಸಂಖ್ಯೆ ಓದಿ. ಆಮೇಲೆ ಕರ್ನಲ್‌ನ ನೆಟ್ ಫೋಲ್ಡರ್ ಒಳಗಿನ ಎಚ್‌ಎಸ್‌ಆರ್ ಫೋಲ್ಡರ್ ತೆರೆದು, ಫ್ರೇಮ್ ಕಳಿಸುವ ಫೈಲ್ ಓದಲು ಶುರು ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇನ್‌ಬಾಕ್ಸ್‌ಗೆ ಬರೆಯಿರಿ. ಕೂತು ಹೇಳಿಕೊಡ್ತೀನಿ.