ಜಾಕೆಟ್ಟಿಗೊಂದು ಡಾಬು

46ನೇ ವಯಸ್ಸಿನಲ್ಲಿ ಲೆದರ್ ಜಾಕೆಟ್ ತಗೊಂಡವನಿಗೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ಬೈದರೆ ವಾದಿಸಬಹುದು, ನೋಡಿದರೆ ಏನು ಮಾಡೋದು? ನಾನು ಹೊಸ ಜಾಕೆಟ್ ಹಾಕಿಕೊಂಡು, ಜಿಪ್ಪೆಳೆದು, ಸೊಂಟದ ಬೆಲ್ಟು ಬಿಗಿದು ಹಾಲಿಗೆ ಬಂದು ನಿಂತಾಗ ಹೆಂಡತಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡಳು.

"ಏನೋ ಅದು ಸೊಂಟಕ್ಕೆ? ಡಾಬು ಕಟ್ಕೊಂಡಿದೀಯಾ?"

ಮದುವೆಮನೆಯಲ್ಲಿ ಹೆಣ್ಣಿನ ಸೀರೆ ಮೇಲೆ ಮಿಂಚುತ್ತಿರುತ್ತಲ್ಲ, ಅದೇ ಡಾಬು. ನನ್ನದರಲ್ಲಿ ಚಿನ್ನದ ಬದಲು ಅಂಗೈಯಷ್ಟು ಅಗಲದ ಉಕ್ಕಿನ ಬಕಲ್ ಇತ್ತು. ಒಟ್ಟು ಐದು ತೂತು. ನಾನು ಕಷ್ಟಪಟ್ಟು ಐದನೆಯದಕ್ಕೆ ಸಿಕ್ಕಿಸಿದ್ದೆ. ಅಂದರೆ ತುದಿಯಿಂದ ಮೊದಲನೆಯದು. ಎಣಿಕೆಯನ್ನು ಯಾವ ಕಡೆಯಿಂದ ಶುರು ಮಾಡಬೇಕು ಅನ್ನೋದು ಅವರವರ ಮಾನಕ್ಕೆ ಬಿಟ್ಟದ್ದು.

"ಇದು ಗಾಳಿ ಒಳಗೆ ಬರದೆ ಇರೋಕೆ ಅಮ್ಮ."

"ಉಸಿರಾದ್ರೂ ಒಳಗೆ ಹೋಗ್ತಿದ್ಯಾ?" ಅಂತ ಹೆಂಡತಿ ಕೇಳಿದಳು. ಆಮೇಲೆ ಮತ್ತೆ ಅವರೆಕಾಯಿಗೆ ಹೋದಳು.

ಆದರೆ ನಾನು ಸುಳ್ಳು ಹೇಳಿರಲಿಲ್ಲ. ಆ ಬೆಲ್ಟಿಗೊಂದು ಕೆಲಸ ಇದೆ. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಅನ್ನುವವರು ಮೋಟಾರ್ ಸೈಕಲ್ ಓಡಿಸುವವರಿಗಾಗಿಯೇ ಒಂದು ಚರ್ಮದ ಜಾಕೆಟ್ ಮಾಡಿ ಐದೂವರೆ ಡಾಲರಿಗೆ ಮಾರಿದರು. ತಮಗಿಷ್ಟವಾದ ಸಿಗಾರಿನ ಹೆಸರನ್ನೇ ಅದಕ್ಕಿಟ್ಟರು, 'ಪರ್ಫೆಕ್ಟೋ' ಅಂತ. ನಮ್ಮೂರ ಟೈಲರು ಕೋಟಿಗೆ ಬೀಡಿ ಹೆಸರಿಟ್ಟ ಹಾಗೆ! ಎದೆ ಮೇಲೆ ಓರೆಯಾಗಿ ಹೋಗುವ ಜಿಪ್ಪು, ಅಗಲದ ಕಾಲರು, ಸೊಂಟಕ್ಕೆ ಬೆಲ್ಟು. ಇವತ್ತಿಗೂ ಪಟದಲ್ಲಿ ಲೆದರ್ ಜಾಕೆಟ್ ಬರೆ ಅಂದರೆ ಮಕ್ಕಳು ಅದನ್ನೇ ಬರೆಯುತ್ತಾರೆ. ಜಿಪ್ಪು ಓರೆಯಾಗಿರುವುದರಿಂದ ಎದೆ ಮೇಲೆ ಚರ್ಮ ಎರಡು ಪದರ ಬರುತ್ತದೆ, ಗಾಳಿ ನುಗ್ಗುವುದಿಲ್ಲ. ಮುಂದಕ್ಕೆ ಬಾಗಿದರೂ ಹೊಟ್ಟೆ ಮಧ್ಯಕ್ಕೆ ಜಿಪ್ಪು ಚುಚ್ಚುವುದಿಲ್ಲ. ಇನ್ನು ಸೊಂಟ ಸಡಿಲವಿದ್ದರೆ ಗಾಳಿ ಕೆಳಗಿಂದ ಒಳಗೆ ಹೊಕ್ಕು ಬೆನ್ನು ಉಬ್ಬುತ್ತದೆ. ಹಿಂದೆ ಬರುವವರಿಗೆ ಜಾತ್ರೆ ಬಲೂನೊಂದು ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯ, ಬಿದ್ದು ಜಾರಿದಾಗ ಸಡಿಲ ಜಾಕೆಟ್ಟು ಮೇಲಕ್ಕೆ ಸರಿದು ಬರೀ ಬೆನ್ನು ಟಾರಿಗೆ ತಾಗುತ್ತದೆ. ಒಂಬತ್ತು ಸಾವಿರ ಕೊಟ್ಟು ಬರೀ ಕಂಕುಳು ಕಾಪಾಡಿಕೊಂಡ ಹಾಗಾಗುತ್ತದೆ.

ಇಷ್ಟೆಲ್ಲ ಓದಿಕೊಂಡೇ ಬೆಲ್ಟಿನದು ತಗೊಂಡೆ ಅಂದರೆ ನೀವು ನಂಬಬಾರದು. ಪಟದಲ್ಲಿದ್ದ ಹುಡುಗ ಚೆನ್ನಾಗಿ ಕಾಣುತ್ತಿದ್ದ, ತಗೊಂಡೆ. ಓದಿಕೊಂಡಿದ್ದು ಮನೆಯಲ್ಲಿ ಸಮಜಾಯಿಷಿ ಕೊಡುವುದಕ್ಕೆ.

ಗಾಡಿ ಅಪ್ಪನದು. ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಅಪ್ಪ ಮಾತ್ರ ಹಾಕಲಿಲ್ಲ. ಈಗಲೂ ಪ್ರತಿ ಶನಿವಾರ ಹಳೇ ಬನಿಯನ್ ತುಂಡಿನಲ್ಲಿ ಟ್ಯಾಂಕ್ ಒರೆಸುತ್ತಾರೆ. ಅವರ ಕಾಲದಲ್ಲಿ ಜಾಕೆಟ್ಟು ಗೀಕೆಟ್ಟು ಇರಲಿಲ್ಲ. ಡಿಸೆಂಬರಿನಲ್ಲಿ ಮೈಸೂರಿಗೆ ಹೊರಟರೆ ಅಂದಿನ ಪ್ರಜಾವಾಣಿಯನ್ನು ಮಡಚಿ ಸ್ವೆಟರಿನ ಒಳಗೆ ಎದೆಗೆ ಇಟ್ಟುಕೊಳ್ಳುತ್ತಿದ್ದರು. ಗಾಳಿಗೂ ಆಯಿತು, ಊರು ಮುಟ್ಟಿದ ಮೇಲೆ ಓದುವುದಕ್ಕೂ ಆಯಿತು.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಎಡಗಡೆ ಇರುತ್ತದೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಒದ್ದು ಕೆಳಗೆ ಬಿಟ್ಟರೆ ಗೇರ್. ಆ ಭಾನುವಾರ ಬೆಳಗ್ಗೆ ಐದೂವರೆಗೆ ನಾನು ಸೀಟಿನಲ್ಲಿ ಕೂತು, ಟ್ಯಾಂಕ್ ಮೇಲೆ ಬಾಗಿ, ಎಡಗಾಲಲ್ಲಿ ಒದ್ದೆ. ಗಾಡಿ ಕೆಮ್ಮಿತು. ಮತ್ತೆ ಒದ್ದೆ. ಒಟ್ಟು ಹದಿನಾಲ್ಕು ಸಲ. ಪ್ರತಿ ಸಲವೂ 'ಕರ್ರ್' ಅಂತ ಒಂದು ಸದ್ದು ಬರುತ್ತಿತ್ತು. ಎಂಜಿನ್ ಒಳಗಿಂದ ಅಂದುಕೊಂಡೆ.

ಅದು ಎಂಜಿನ್ ಆಗಿರಲಿಲ್ಲ. ನನ್ನ ಡಾಬು.

ಟ್ಯಾಂಕಿನ ಮೇಲೆ, ಪೆಟ್ರೋಲ್ ಮುಚ್ಚಳದ ಹಿಂದೆ, ಬೆಕ್ಕು ಪರಚಿದ ಹಾಗೆ ಗೀರುಗಳು. ಹತ್ತಿರದಿಂದ ನೋಡಿದರೆ ಒಂದೊಂದು ಕಿಕ್ಕಿಗೂ ಬೇರೆ ಬೇರೆ ಗೀರು ಎಣಿಸಬಹುದಿತ್ತು. ಕೊನೆಯ ಎರಡು ಸ್ವಲ್ಪ ಆಳ. ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತಲ್ಲ.

ಅಪ್ಪ ಬಂದು ನೋಡಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಗೀರಿನ ಮೇಲೆ ಉಜ್ಜಿದರು. ಹೋಗಲಿಲ್ಲ. ಪಂಚೆಯ ಚುಂಗಿನಿಂದ ಒರೆಸಿದರು. ಆಗಲೂ ಹೋಗಲಿಲ್ಲ. ಎದ್ದು ಒಳಗೆ ಹೋಗಿ ಅವತ್ತಿನ ಪೇಪರ್ ತಂದು ನನ್ನ ಕೈಗಿಟ್ಟು, ಹಲ್ಲುಜ್ಜುವುದಕ್ಕೆ ಹೋದರು. ನಮ್ಮ ಮನೆಯಲ್ಲಿ ಮಾತಿಗಿಂತ ನೋಟ ಜಾಸ್ತಿ ಅಂತ ಹೇಳಿದೆನಲ್ಲ, ಅದು ಅಪ್ಪನ ಕಡೆಯಿಂದ ಬಂದದ್ದು.

ಬಕಲಿನಿಂದ ತಪ್ಪಿಸಿಕೊಳ್ಳಲು ಉಪಾಯ ಹುಡುಕಿದೆ. ಬೆಲ್ಟನ್ನು ಕಟ್ಟದೇ ಬಿಟ್ಟು ನೋಡಿದೆ. ಅರವತ್ತರ ವೇಗ ದಾಟುತ್ತಿದ್ದಂತೆ ಅದರ ತುದಿ ಪಟಪಟ ಅಂತ ತೊಡೆಗೆ ಬಾರಿಸತೊಡಗಿತು. ಎತ್ತಿನಗಾಡಿಯಲ್ಲಿ ಹೊಡೆಯುವವನೂ ನಾನೇ, ಎತ್ತೂ ನಾನೇ. ಬಕಲನ್ನು ಜೇಬಿನೊಳಗೆ ತುರುಕಿದೆ. ಜೇಬಿನಲ್ಲಿ ಮೊಬೈಲ್ ಇತ್ತು. ಅದರ ಗಾಜಿನ ಕಥೆ ಇಲ್ಲಿ ಬೇಡ. ಕೊನೆಗೆ ಬೆಲ್ಟನ್ನು ತಿರುಗಿಸಿ ಬಕಲ್ಲನ್ನು ಬೆನ್ನ ಹಿಂದೆ ಹಾಕಿಕೊಂಡೆ. ಹಿಂದೆ ಕೂತಿದ್ದ ಹೆಂಡತಿ ಮೊದಲ ರೋಡ್ ಹಂಪಿಗೇ ಇಳಿದು ಆಟೋ ಹಿಡಿದಳು.

ಶಿವಾಜಿನಗರದಲ್ಲಿ ಚರ್ಮದ ಕೆಲಸ ಮಾಡುವ ಒಬ್ಬರಿದ್ದಾರೆ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕು, ಅಷ್ಟು ಅಂಗಡಿ. ಜಾಕೆಟ್ಟನ್ನು ಕೈಗೆ ತಗೊಂಡು, ಅಂಚನ್ನು ಎರಡು ಬೆರಳಲ್ಲಿ ಮಡಚಿ ನೋಡಿ, "ಚರ್ಮ ಚೆನ್ನಾಗಿದೆ ಸರ್. ಬೆಲ್ಟ್ ತೆಗೆದುಬಿಡಿ. ಸೈಡ್ ಅಡ್ಜಸ್ಟರ್ ಹಾಕೋಣ" ಅಂದರು.

ಪಕ್ಕಪಟ್ಟಿ ಅಂತ ಇಟ್ಟುಕೊಳ್ಳಿ. ಎಡಕ್ಕೊಂದು ಬಲಕ್ಕೊಂದು, ಸೊಂಟದ ಬದಿಯಲ್ಲಿ ಚಿಕ್ಕ ಪಟ್ಟಿಗಳು. ಎಳೆದು ಬಿಗಿ ಮಾಡಬಹುದು, ಬಿಡಬಹುದು. ಮುಂದುಗಡೆ ಲೋಹದ ಸುಳಿವೇ ಇಲ್ಲ, ಟ್ಯಾಂಕಿಗೆ ಏನೂ ತಾಗುವುದಿಲ್ಲ. ಇಷ್ಟು ಸರಳ ಅಂದುಕೊಂಡೆ. ಅವರು ಒಂದು ಡಬ್ಬ ತೆಗೆದು ಮೇಜಿನ ಮೇಲೆ ಸುರಿದರು.

ಒಂದು, ಲಾಡಿ ಥರದ್ದು. ಬದಿಯಲ್ಲಿ ಸಾಲಾಗಿ ಹಿತ್ತಾಳೆ ಕಣ್ಣು, ಅದರೊಳಗೆ ಶೂ ದಾರದ ಹಾಗೆ ಚರ್ಮದ ದಾರ. ಮೈಗೆ ತಕ್ಕಂತೆ ಕೂರುವುದರಲ್ಲಿ ಇದರ ಸಮಕ್ಕೆ ಬೇರೆ ಇಲ್ಲವಂತೆ. ಆದರೆ ಲಾಡಿ ಅಂದರೆ ಲಾಡಿಯೇ. ಮೂರನೇ ಕ್ಲಾಸಿನಲ್ಲಿ ಚಡ್ಡಿ ಲಾಡಿ ಗಂಟು ಬಿದ್ದು ಪ್ರಾರ್ಥನೆ ಸಾಲಿನಲ್ಲಿ ನಾನು ಪಟ್ಟ ಪಾಡು ನೆನಪಾಯಿತು, ಬೇಡ ಅಂದೆ. ಇನ್ನೊಂದು ವೆಲ್ಕ್ರೋ. ಅಂಟಿಸಿದರೆ ಆಯಿತು, ಆದರೆ ಒಳಗೆ ಅಮ್ಮ ಹೆಣೆದ ಸ್ವೆಟರ್ ಇದೆಯಲ್ಲ, ಅದರ ಉಣ್ಣೆಯನ್ನೆಲ್ಲ ಕಿತ್ತು ತಾನೇ ಉಟ್ಟುಕೊಳ್ಳುತ್ತದೆ. ಟಿಚ್ ಬಟನ್‌ನದು ನೋಡೋಕೆ ಅಚ್ಚುಕಟ್ಟು. ಆದರೆ ಎರಡೇ ಅಳತೆ, ಬಿಗಿ ಇಲ್ಲವೇ ಸಡಿಲ. ಊಟಕ್ಕೆ ಮುಂಚೆ, ಊಟದ ನಂತರ. ಮಧ್ಯದ ಬದುಕಿಗೆ ಬಟನ್ ಇಲ್ಲ. ಉಳಿದದ್ದು ಚಿಕ್ಕ ಬಕಲಿನ ಪಟ್ಟಿ, ಮುಳ್ಳು, ನಾಲ್ಕು ತೂತು. ಅದನ್ನೇ ಹಾಕಿ ಅಂದೆ.

"ಪಟ್ಟಿ ತುದಿ ಹಿಂದಕ್ಕೆ ಬರ್ಬೇಕು ಸರ್. ಮುಂದಕ್ಕೆ ಇಟ್ರೆ ಗಾಳಿ ಎತ್ತಿ ಆಡಿಸತ್ತೆ."

"ಹಾಗೇ ಮಾಡಿ. ಇದಕ್ಕೂ ದರ್ಜೆ ಅಂತ ಇದೆಯಂತಲ್ಲ, ಎಎ, ಎಎಎ ಅಂತ?"

ಯುರೋಪಿನ ಹೊಸ ಲೆಕ್ಕದಲ್ಲಿ ಜಾಕೆಟ್ಟುಗಳಿಗೆ ಹಾಗೆ ಅಂಕ ಕೊಡುತ್ತಾರೆ, ಎಎಎ ಅಂದರೆ ಎಲ್ಲಕ್ಕಿಂತ ಗಟ್ಟಿ. ಅವರು ನನ್ನ ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಸೆಲ್ ಹಾಕ್ಬೇಕಾ ಸರ್?"

ಅಳತೆಗೆ ನಾನು ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದು ನೆಟ್ಟಗೆ ನಿಂತೆ. ಅವರು ಒಪ್ಪಲಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲ್ ಹಾಕಿ, "ಕೂತ್ಕೊಳ್ಳಿ. ಹ್ಯಾಂಡಲ್ ಹಿಡ್ಕೊಳ್ಳಿ" ಅಂದರು. ಹ್ಯಾಂಡಲ್ ಎಲ್ಲಿದೆ? ಗಾಳಿಯಲ್ಲೇ ಹಿಡಿದೆ. ನಿಂತಾಗ ಸರಿಯಾಗಿ ಕೂರುವ ಸೊಂಟ ಗಾಡಿ ಮೇಲೆ ಕೂತಾಗ ಮೇಲಕ್ಕೆ ಸರಿದು ಹೊಟ್ಟೆಗೆ ಬಂದು ನಿಲ್ಲುತ್ತದೆ, ಅದಕ್ಕೇ ಅಳತೆ ಕೂತೇ ಕೊಡಬೇಕು. ದಾರಿಯಲ್ಲಿ ಹೋಗುತ್ತಿದ್ದ ಶಾಲೆ ಹುಡುಗನೊಬ್ಬ ನಿಂತು, ಸ್ಟೂಲ್ ಮೇಲೆ ಕೂತು ಗಾಳಿ ಹಿಡಿದ ನನ್ನನ್ನು ನೋಡಿ "ಬುರ್ರ್" ಅಂದ.

ಅಷ್ಟರಲ್ಲಿ ಅವರು ಎರಡೂ ಕಡೆ ಸೀಮೆಸುಣ್ಣದ ಗೆರೆ ಎಳೆದು, ದೂರ ನಿಂತು ನೋಡಿ, ಮತ್ತೆ ಟೇಪು ಹಿಡಿದರು.

"ಸರ್, ನಿಮಗೆ ಎಡಗಡೆ ಸ್ವಲ್ಪ ಜಾಸ್ತಿ ಇದೆ."

"ಏನು ಜಾಸ್ತಿ?"

"ಹೊಟ್ಟೆ ಸರ್."

"ಹೊಟ್ಟೆಗೂ ಎಡ ಬಲ ಇರತ್ತಾ?"

"ಎಲ್ರಿಗೂ ಇರತ್ತೆ ಸರ್. ಬೆಲ್ಟ್ ಹಾಕ್ಕೊಂಡ್ರೆ ಗೊತ್ತಾಗಲ್ಲ ಅಷ್ಟೆ."

ಪಕ್ಕಪಟ್ಟಿಯ ತೊಂದರೆ ಇದೇ ನೋಡಿ. ಬೆಲ್ಟು ಸುತ್ತಿಕೊಂಡು ಮುಚ್ಚಿಹಾಕುತ್ತದೆ. ಪಟ್ಟಿಗಳು ಎಡದ್ದು ಬಲದ್ದು ಬೇರೆ ಬೇರೆ ಲೆಕ್ಕ ಒಪ್ಪಿಸುತ್ತವೆ. ನನಗೀಗ ಬಲಗಡೆ ಮೂರನೇ ತೂತು, ಎಡಗಡೆ ಎರಡನೆಯದು. ಎರಡೂ ಮೂರಕ್ಕೆ ಹಾಕಿದರೆ ಜಿಪ್ಪು ಹೊಕ್ಕುಳ ಬಿಟ್ಟು ಊರ ಆಚೆ ಹೋಗುತ್ತದೆ. ಗುಟ್ಟಾಗಿ ಹೇಳುತ್ತೇನೆ, ಎಡಗಡೆಯನ್ನು ಮೂರಕ್ಕೆ ತರುವುದಕ್ಕೆ ಹದಿನೈದು ದಿನ ರಾತ್ರಿ ಚಪಾತಿ ತಿಂದೆ. ಜಾಕೆಟ್ಟೇ ಮೆತ್ತಗಾಗಿ ಹಿಗ್ಗಿತು, ಚರ್ಮದ ಗುಣ. ಹಾಗಾಗಿ ಸಣ್ಣಗಾದೆನೋ ಇಲ್ಲವೋ ಇವತ್ತಿಗೂ ಇತ್ಯರ್ಥ ಆಗಿಲ್ಲ.

ಹೊಸ ಪಟ್ಟಿಯ ಮೊದಲ ಸವಾರಿ ಬಿಡದಿಗೆ, ತಟ್ಟೆ ಇಡ್ಲಿಗೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ, ಟ್ರಾಕ್ಟರ್, ಮೇಕೆ, ಎಳನೀರು ಗಾಡಿಗಳ ನಡುವೆ ಹೋದೆ. ಆ ವೇಗಕ್ಕೆ ಜಾಕೆಟ್ಟೇ ಬೇಕಿರಲಿಲ್ಲ ಅನ್ನಿ. ಆದರೂ ಟ್ಯಾಂಕಿಗೆ ಒಂದು ಗೀರಿಲ್ಲ, ಬೆನ್ನಿಗೆ ಗಾಳಿ ಇಲ್ಲ. ಖುಷಿಯಾಗಿ ಎರಡು ಇಡ್ಲಿ ಹೇಳಿದೆ, ಮೇಲೆ ಬೆಣ್ಣೆ. ಒಂದು ಮುಗಿಯುವ ಹೊತ್ತಿಗೆ ಎರಡೂ ಕಡೆಯ ಪಟ್ಟಿ ಬಿಚ್ಚಿ ಇಳಿಬಿಟ್ಟೆ. ಹೊಟ್ಟೆಗೂ ಜಾಗ ಬೇಕಲ್ವಾ?

ತಿಂದು, ಕಾಫಿ ಲೋಟ ಹಿಡಿದು ಹೊರಗೆ ಹೊರಟೆ. ಎರಡು ಹೆಜ್ಜೆ ಇಟ್ಟ ಮೇಲೆ ಎಡಗಡೆ ಏನೋ ಭಾರ. ಇನ್ನೆರಡು ಹೆಜ್ಜೆ. ಭಾರ ಮಾತಾಡಿತು.

"ಏಯ್, ಬ್ಯಾಗ್ ಬುಡಪ್ಪೋ!"

ತಿರುಗಿದರೆ ರುಮಾಲು ಸುತ್ತಿದ ಯಜಮಾನರೊಬ್ಬರು. ಅವರ ಕೈಯಲ್ಲಿ ಹಸಿರು ಬಿಳಿ ವೈರಿನ ಬ್ಯಾಗು. ಅದರ ಹೆಣಿಗೆಯೊಳಗೆ ನನ್ನ ಪಟ್ಟಿಯ ಬಕಲ್, ಮುಳ್ಳು ಸಮೇತ, ಗಾಳಕ್ಕೆ ಮೀನು ಬಿದ್ದಂತೆ ಸಿಕ್ಕಿಕೊಂಡಿದೆ. ನಾನು ಎಳೆದೆ. ಅವರೂ ಎಳೆದರು. ಕಾಫಿ ಅರ್ಧ ನನ್ನ ಎದೆ ಮೇಲೆ, ಅರ್ಧ ಅವರ ಬ್ಯಾಗಿನ ಹೀರೇಕಾಯಿ ಮೇಲೆ.

"ನಾನಲ್ಲ ಯಜಮಾನ್ರೇ, ಜಾಕೆಟ್ಟು!"

"ಬಟ್ಟೆ ನೋಡಿದ್ರೆ ಸಾವ್ಕಾರ ಇದ್ದಂಗವ್ನೆ, ಹೀರೇಕಾಯ್ಗೆ ಕೈ ಹಾಕ್ತಾನಲ್ಲ!"

ಇಡ್ಲಿ ಬಡಿಸುತ್ತಿದ್ದ ಹುಡುಗ ಬಂದು ಬಾಯಲ್ಲಿ ಸೌಟು ಕಚ್ಚಿಕೊಂಡು ಎರಡೂ ಕೈಯಲ್ಲಿ ಬಿಡಿಸಿದ. ಎರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನೂ ಯಜಮಾನರೂ ಗಂಟು ಹಾಕಿದ ವಧೂವರರ ಹಾಗೆ ಅಕ್ಕಪಕ್ಕ ನಿಂತಿದ್ದೆವು. ಬಿಡಿಸಿದ ಮೇಲೆ ಅವರು ಬಕಲನ್ನು ಹಿಡಿದು ತಿರುಗಿಸಿ ನೋಡಿ, "ಹೋರಿಗೆ ಕಟ್ಟೋದಾ?" ಅಂತ ಕೇಳಿದರು. ಹೌದು ಅಂದೆ. ಚರ್ಮದ ಮೇಲಿನ ಕಾಫಿ ಮಾತ್ರ ಒಂದು ಒದ್ದೆ ಬಟ್ಟೆಗೆ ಹೋಯಿತು. ಬೆಲ್ಟಾಗಲಿ ಪಟ್ಟಿಯಾಗಲಿ, ಆ ವಿಷಯದಲ್ಲಿ ಜಾಕೆಟ್ಟಿನ ಮೇಲೆ ನನಗೇನೂ ದೂರಿಲ್ಲ.

ಈಗ ಪಟ್ಟಿ ತುದಿ ಕೂರುವುದಕ್ಕೆ ಒಂದೊಂದು ಚರ್ಮದ ಲೂಪು ಹಾಕಿಸಿಕೊಂಡಿದ್ದೇನೆ. ಇಡ್ಲಿ ಒಂದಕ್ಕೇ ನಿಲ್ಲಿಸುತ್ತೇನೆ. ಟ್ಯಾಂಕಿನ ಗೀರಿನ ಮೇಲೆ ಅಪ್ಪ ಒಂದು ಹನುಮಂತನ ಸ್ಟಿಕ್ಕರ್ ಅಂಟಿಸಿದ್ದಾರೆ.

ಬಿಚ್ಚಿಟ್ಟ ಬೆಲ್ಟು ಮಾತ್ರ ತುಂಬಾ ದಿನ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ಅಪ್ಪನ ಹಳೇ ಹೋಲ್ಡಾಲು ಸಿಕ್ಕಿತು. ರೈಲಿನಲ್ಲಿ ಹಾಸಿಗೆ ಸುತ್ತಿ ಒಯ್ಯುತ್ತಿದ್ದದ್ದು. ಅದರ ಒಂದು ಪಟ್ಟಿ ಇಲಿ ತಿಂದಿತ್ತು. ಅಮ್ಮ ಅದರೊಳಗೆ ಎರಡು ಜಮಖಾನ, ಮೂರು ದಿಂಬು, ಒಂದು ಕೌದಿ ತುಂಬಿ ಸುತ್ತಿ, ನನ್ನ ಬೆಲ್ಟು ತಂದು ಬಿಗಿದಳು. ಮೂರನೇ ತೂತಿಗೆ ಆರಾಮಾಗಿ ಕೂತಿತು.